ದೊರೆಯನ್ನು ಪಳಗಿಸಿದ ಕಂಡಕ್ಟರ್ ಸಾಹೇಬರು

ಕಂಡಕ್ಟರ್ ಸಾಹೇಬರು ನೆಟ್ಟಗೆ ನಿಂತದ್ದನ್ನು ನಾನು ನೋಡಿದ್ದೇ ಇಲ್ಲ. ನಮ್ಮ ಗೇಟಿನ ಕಂಬಕ್ಕೆ ಸೊಂಟ ಆನಿಸಿ, ಕಾಲು ಅಗಲಿಸಿ, ಎರಡೂ ಕೈ ಖಾಲಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ನೆಲ ಯಾವ ಗಳಿಗೆಯಲ್ಲಿ ಬ್ರೇಕ್ ಹಾಕುತ್ತದೋ ಎಂಬ ಅನುಮಾನ ನಿವೃತ್ತಿಯಾದ ಮೇಲೂ ಅವರ ಕಾಲುಗಳನ್ನು ಬಿಟ್ಟಿರಲಿಲ್ಲ. ನೋಟು ಸಿಕ್ಕಿಸಿ ಸಿಕ್ಕಿಸಿ ಎಡಗೈಯ ಬೆರಳುಗಳು ಒಂದಕ್ಕೊಂದು ಮುನಿಸಿಕೊಂಡವರ ಹಾಗೆ ದೂರ ಸರಿದಿದ್ದವು. ಏನು ಕೊಟ್ಟರೂ ಉದ್ದಕ್ಕೆ ಮಡಚಿ ಆ ಸಂದಿಗೇ ಸೇರಿಸುತ್ತಿದ್ದರು. ಮದುವೆಯ ಕರೆಯೋಲೆಯನ್ನೂ ಬಿಟ್ಟವರಲ್ಲ.

ಅವರ ಮನೆ ನಮ್ಮ ಮನೆಯ ಎದುರಿಗೆ, ನಡುವೆ ಶಿರಸಿ ರಸ್ತೆ. ಯಲ್ಲಾಪುರ ಪೇಟೆ ಮುಗಿದು ಬಸ್ಸು ಇನ್ನೇನು ವೇಗ ಹಿಡಿಯಬೇಕು ಅನ್ನುವ ಜಾಗ ಅದು. ಕೈ ಮಾಡಿದರೆ ನಿಲ್ಲಿಸುತ್ತಾರೆ. ಹಾಗಾಗಿ ನಮ್ಮ ಗೇಟಿನ ಮುಂದೆ ದಿನವಿಡೀ ಬಸ್ಸು ನಿಲ್ಲುವುದು, ಹೊರಡುವುದು ನಡೆದೇ ಇರುತ್ತದೆ. ಸಾಹೇಬರು ಯಲ್ಲಾಪುರ–ಹುಬ್ಬಳ್ಳಿ ದಾರಿಯಲ್ಲಿ ಜೀವಮಾನವೆಲ್ಲ ಟಿಕೆಟ್ ಹರಿದವರು. ಹುಬ್ಬಳ್ಳಿ ಕಡೆಯ ಮಾತು ಅವರ ನಾಲಿಗೆಗೆ ಅಂಟಿದ್ದು ಆ ದಾರಿಯಿಂದಲೇ. ಯಾರ ಮನೆಗೆ ಹೋದರೂ ಕಣ್ಣಲ್ಲೇ ತಲೆ ಎಣಿಸುವ ಚಾಳಿ ಬೇರೆ. ನಮ್ಮ ಮನೆಗೆ ಮೊದಲ ಸಲ ಬಂದ ದಿನ ಜಗಲಿಯ ಕೆಳಗೆ ನಿಂತು, ನನ್ನನ್ನು, ಅಮ್ಮನನ್ನು, ಅಮ್ಮನ ಮಡಿಲಲ್ಲಿದ್ದ ಬಿಳಿ ಮುದ್ದೆಯನ್ನು ನೋಡಿ, ‘ಎರಡು ಫುಲ್ಲು, ಒಂದು ಲಗೇಜು’ ಅಂದರು.

ಅಂದು ಅವರು ಬಂದದ್ದೇ ಆ ಲಗೇಜಿನ ದೆಸೆಯಿಂದ. ಹಾಗಾಗಿ ಅದರ ವಿಚಾರ ಮೊದಲು ಹೇಳಬೇಕು. ಅದರ ಹೆಸರು ದೊರೆ. ಪೊಮೇರಿಯನ್ ಜಾತಿ. ಎತ್ತಿ ಕಪಾಟಿನಲ್ಲಿಟ್ಟರೆ ಗೊಂಬೆ ಎಂದು ನಂಬಬಹುದಾದ ಗಾತ್ರ. ಕೂದಲನ್ನು ಬಿಟ್ಟರೆ ಮೈಯಲ್ಲಿ ಉಳಿದದ್ದೆಲ್ಲ ಹಟ. ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮ ತಂದುಕೊಟ್ಟದ್ದು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ಕೈಗೆ ವಾಕರ್ ಬಂದಿದ್ದ ಕಾಲ. ಮೂಳೆಯೇನೋ ಕೂಡಿಕೊಂಡಿತ್ತು. ನಡೆಯದಿದ್ದರೆ ಕಾಲು ಬಿಗಿದುಹೋಗುತ್ತದೆ ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ಆದರೆ ಅಮ್ಮನಿಗೆ ನೆಲ ಕಂಡರೇ ಹೆದರಿಕೆ. ಹೆಗ್ಗರಣೆಯಲ್ಲಿ ಹುಟ್ಟಿ, ಗುಡ್ಡ ಹತ್ತಿ ಇಳಿದು ಬೆಳೆದ ಹೆಂಗಸು ಕುರ್ಚಿಯಿಂದ ಅಡುಗೆಮನೆಗೆ ಹೋಗಲು ನನ್ನ ಭುಜ ಕೇಳುತ್ತಿದ್ದಳು. ಜೊತೆಗೊಂದು ಜೀವ ಇರಲಿ ಎಂದು ತಮ್ಮ ಈ ಜೀವವನ್ನು ಬುಟ್ಟಿಯಲ್ಲಿ ತಂದು ಇಳಿಸಿ, ಮರುದಿನದ ಬಸ್ಸಿಗೆ ಹೋಗಿಯೇಬಿಟ್ಟ.

ಅರ್ಧ ಉಪಕಾರವಾಯಿತು. ಅಮ್ಮ ನಕ್ಕಳು, ಮಾತಾಡಿದಳು, ದೊರೆ ಎಲ್ಲಿ ಹೋಯಿತು ಎಂದು ನೋಡಲು ಒಂದೆರಡು ಸಲ ತಾನಾಗಿಯೇ ಎದ್ದಳು. ಇನ್ನರ್ಧ ಅಪಾಯ. ದೊರೆಗೆ ಲೋಕದಲ್ಲಿ ಅತ್ಯಂತ ಪ್ರಿಯವಾದ ವಸ್ತುವೆಂದರೆ ವಾಕರಿನ ಕಾಲು. ಅಮ್ಮ ಹೆಜ್ಜೆ ಎತ್ತಿದ ಕೂಡಲೇ ಓಡಿ ಬಂದು ಅದನ್ನು ಕಚ್ಚುವುದು, ಅದರ ನಡುವೆ ನುಗ್ಗುವುದು, ಅಮ್ಮನ ಪಾದದ ಮೇಲೆಯೇ ಮಲಗುವುದು.

ನಾನು ಹುಡುಗಿಯರ ಹಾಸ್ಟೆಲಿನ ವಾರ್ಡನ್. ನನ್ನ ಚಪ್ಪಲಿಯ ಸದ್ದಿಗೇ ಮೇಲಿನ ಮಹಡಿ ತಣ್ಣಗಾಗುತ್ತದೆ ಎಂಬ ಸಣ್ಣದೊಂದು ಜಂಬ ನನಗಿತ್ತು. ದೊರೆ ಅದನ್ನು ಬೇಗನೆ ಇಳಿಸಿತು. ಮೊಬೈಲಿನಲ್ಲಿ ನಾಯಿ ಪಳಗಿಸುವ ವೀಡಿಯೊ ನೋಡಿ, ಬಿಸ್ಕತ್ತು ಹಿಡಿದು ‘ಸಿಟ್’ ಅಂದೆ. ಬಿಸ್ಕತ್ತು ತಿಂದು ಹೋಯಿತು. ‘ಸ್ಟೇ’ ಅಂದೆ. ಇನ್ನೊಂದು ಬಿಸ್ಕತ್ತು ಸಿಗುವ ತನಕ ನಿಂತಿತು. ಗದರಿದರೆ ಸೋಫಾದ ಅಡಿ ಸೇರಿ ಅಲ್ಲಿಂದಲೇ ನನ್ನನ್ನು ಗದರುತ್ತಿತ್ತು. ಹಿಡಿದು ಕೂರಿಸಲು ಹೋದರೆ ಕಚ್ಚುತ್ತಿತ್ತು. ಅಮ್ಮನದು ಕುರ್ಚಿಯಿಂದಲೇ ಬೇರೆ ರಾಗ: ‘ಕೂಸೇ, ಕುನ್ನಿಗೆ ಬೈಯಡ. ಅದ್ಕೆ ಎಂತ ಗೊತ್ತಾಗ್ತು?’

ಒಂದು ಸಂಜೆ ದೊರೆ ವಾಕರಿನ ನಡುವೆ ನುಗ್ಗಿದ ರಭಸಕ್ಕೆ ಅಮ್ಮ ತೂರಾಡಿ, ಬಾಗಿಲ ಚೌಕಟ್ಟು ಹಿಡಿದು ಹೇಗೋ ಉಳಿದುಕೊಂಡಳು. ಡಾಕ್ಟರಿಗೆ ಫೋನ್ ಮಾಡಿದರೆ, ‘ಇನ್ನೊಂದು ಸಲ ಬಿದ್ರೆ ಅವರ ನಡಿಗೆ ಮರ್ತುಬಿಡಿ. ನಾಯಿನ ಯಾರಿಗಾದ್ರೂ ಕೊಡಿ’ ಅಂದರು. ದೀಪಾವಳಿಯೊಳಗೆ ಇದು ಬುದ್ಧಿ ಕಲಿಯದಿದ್ದರೆ ತಮ್ಮನಿಗೇ ವಾಪಸ್ಸು ಎಂದು ನಾನು ಗಟ್ಟಿ ದನಿಯಲ್ಲಿ ತೀರ್ಪು ಕೊಟ್ಟೆ. ಅಮ್ಮ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ‘ಅದು ಹೋದ್ರೆ ಆನು ಎಂತಕ್ಕೆ ಏಳವು, ಹೇಳು?’ ಅಂದಳು. ಕುರ್ಚಿಯಿಂದ ತಾನಾಗಿಯೇ ಏಳಲು ಅವಳಿಗಿದ್ದ ಕಾರಣ ಅದೊಂದೇ.

ಮರುದಿನ ಬೆಳಿಗ್ಗೆಯೇ ಸಾಹೇಬರು ರಸ್ತೆ ದಾಟಿ ಬಂದದ್ದು. ತಲೆ ಎಣಿಸಿ ಆದ ಮೇಲೆ ನನ್ನತ್ತ ತಿರುಗಿ, ‘ಬೇಟಿ, ನಿನ್ನ ಆರ್ಡರ್ ರಸ್ತೆ ದಾಟಿ ನಮ್ಮನೀ ತನಕ ಬರ್ತೈತಿ. ನಾಯಿಗೊಂದು ಬಿಟ್ಟು ಎಲ್ಲಾರಿಗೂ ಕೇಳಸ್ತೈತಿ’ ಅಂದರು. ನನಗೆ ರೇಗಿತು. ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

‘ಮೊದ್ಲು ಹೇಳ್ರಿ, ಇಲ್ಲಿ ಇದಕ್ಕ ಆರ್ಡರ್ ಕೊಡೋರು ಯಾರು?’

ನಾವಿಬ್ಬರೂ ಒಟ್ಟಿಗೇ ‘ನಾನು’ ಅಂದೆವು.

‘ಅದಕ್ಕ ಹಿಂಗಾಗೈತಿ. ಒಂದು ಬಸ್ಸಿನಾಗ ಇಬ್ಬರು ಕಂಡಕ್ಟರ್ ಸೀಟಿ ಹೊಡೆದ್ರ ಡ್ರೈವರ್ ಏನ್ ಮಾಡ್ಬೇಕ್ರಿ?’

ಅಂಗಳದಲ್ಲಿ, ಜಗಲಿಯಿಂದ ತುಸು ದೂರಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ದೊರೆಯನ್ನು ಮುಟ್ಟಲಿಲ್ಲ, ಹತ್ತಿರ ಬಂದರೆ ಕಾಲು ಎಳೆದುಕೊಂಡರು. ‘ತಪ್ಪು ತಿಳೀಬ್ಯಾಡ್ರಿ ಅಮ್ಮಾರೆ. ಜೀವದ ಮ್ಯಾಲೆ ಸಿಟ್ಟಿಲ್ಲ. ಅದರ ಜೊಲ್ಲು ತಾಗಿದ್ರ ನಮಾಜಿಗೆ ಬಟ್ಟಿ ಬದಲಾಯಿಸ್ಬೇಕು, ಅಷ್ಟ’ ಅಂದರು. ಮುಟ್ಟದೆ ನಾಯಿಗೆ ಕಲಿಸಲು ಹೊರಟ ಈ ಮನುಷ್ಯನ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ. ಅಮ್ಮನಿಗೆ ಮಾತ್ರ ಯಾವ ವಿವರಣೆಯೂ ಬೇಕಾಗಲಿಲ್ಲ. ಮಡಿಸೀರೆ ಉಟ್ಟು ಪೂಜೆಗೆ ಕೂತರೆ ಹೆತ್ತ ಮಗಳನ್ನೂ ಹತ್ತಿರ ಬಿಡದವಳು ಅವಳು. ‘ನಂಗೊತ್ತಿಲ್ವಾ ಸಾಹೇಬ್ರೇ, ನಿಮ್ಗೂ ಮಡಿ, ನಮ್ಗೂ ಮಡಿ. ಈ ಕುನ್ನಿಗೊಂದು ಎಂತದೂ ಇಲ್ಲ’ ಅಂದಳು. ಆ ಗಳಿಗೆಯಿಂದ ಅವರಿಬ್ಬರೂ ಒಂದು ಪಕ್ಷ, ನಾನೊಬ್ಬಳೇ ಇನ್ನೊಂದು ಪಕ್ಷ.

ಕಲಿಸಿದ ಕ್ರಮ ಹೀಗೆ. ಜೇಬಿನಲ್ಲಿ ಹಳೆಯ ಡ್ಯೂಟಿಯ ಸೀಟಿ ಇತ್ತು. ಒಂದು ಸಲ ಊದಿದರೆ ನಿಲ್ಲಬೇಕು, ಕೂರಬೇಕು. ಎರಡು ಸಲ ಊದಿದರೆ ಏಳಬಹುದು, ಹೋಗಬಹುದು. ಕೂತರೆ ಅಮ್ಮ ಒಂದು ಚೂರು ಕೊಬ್ಬರಿ ಎಸೆಯಬೇಕು. ಸೀಟಿ ಅವರದು, ಕೊಬ್ಬರಿ ಅಮ್ಮನದು, ನನಗೆ ಬಾಯಿ ಮುಚ್ಚಿಕೊಂಡಿರುವ ಕೆಲಸ. ಮೊದಮೊದಲು ಸೀಟಿ ಕೇಳಿ ದೊರೆ ಸೋಫಾದ ಅಡಿಗೆ ಓಡಿತು. ಆಮೇಲೆ ಸೀಟಿಗೇ ಬೊಗಳಿತು. ಸಾಹೇಬರಿಗೆ ಬೇಸರವಿಲ್ಲ. ತಪ್ಪಿದರೆ ಬೈಯುವುದಿಲ್ಲ, ಸುಮ್ಮನೆ ಆಕಾಶ ನೋಡುತ್ತಾರೆ. ಅಪ್ಪಿತಪ್ಪಿ ಕೂತರೆ ಮಾತ್ರ ಆ ಕ್ಷಣವೇ ಕೊಬ್ಬರಿ ಬೀಳಬೇಕು. ಅಮ್ಮ ತಡ ಮಾಡಿದರೆ ಅಮ್ಮನಿಗೇ ಗದರಿಕೆ. ನಾಯಿಯನ್ನು ಏಕವಚನದಲ್ಲಿ ಕರೆದವರಲ್ಲ. ಪ್ರಯಾಣಿಕರಿಗೆ ಹೇಳಿ ಹೇಳಿ ಬಂದ ಅಭ್ಯಾಸ. ‘ಕೂಡ್ರಿ, ಕೂಡ್ರಿ, ಜಾಗ ಐತಿ’, ‘ಸ್ವಲ್ಪ ಹಿಂದ ಸರೀರಿ’, ತೀರಾ ಸಿಟ್ಟು ಬಂದರೆ ‘ಟಿಕೆಟ್ ತಗೊಂಡೀರೇನ್ರಿ?’ ಇದನ್ನೆಲ್ಲ ಕೇಳಿ ಅಮ್ಮನ ಕಣ್ಣಲ್ಲಿ ನೀರು ಬರುವಷ್ಟು ನಗು.

ಹಿಡಿದವರನ್ನು ಕಚ್ಚುವುದು ದೊರೆಗೆ ಗೊತ್ತಿತ್ತು. ಹಿಡಿಯುವುದಕ್ಕೇ ಹೋಗದವರನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೊನೆಗೆ ಕುತೂಹಲಕ್ಕೇ ಸೋತು ಅವರೆದುರು ಹೋಗಿ ಕೂರತೊಡಗಿತು.

ಅಮ್ಮನ ಎಸೆತ ದೂರ ಹೋಗುತ್ತಿರಲಿಲ್ಲ. ‘ಅಮ್ಮಾರೆ, ಅಲ್ಲಿಂದ ಒಗದ್ರ ಮುಟ್ಟಂಗಿಲ್ಲ, ಸ್ವಲ್ಪ ಮುಂದ ಬರ್ರಿ’ ಎನ್ನುವರು ಸಾಹೇಬರು. ಅಮ್ಮ ವಾಕರ್ ಹಿಡಿದು ಕುರ್ಚಿಯಿಂದ ಜಗಲಿಯ ಕಂಬಕ್ಕೆ ಬಂದಳು. ಕೆಲವು ದಿನ ಕಳೆದ ಮೇಲೆ ಅದೂ ಸಾಲದಾಯಿತು, ಕಂಬದಿಂದ ಮೆಟ್ಟಿಲ ಅಂಚಿಗೆ. ಸಾಹೇಬರ ಕುರ್ಚಿಯೋ, ನಾನು ನೋಡುತ್ತಿದ್ದ ಹಾಗೇ ಗೇಟಿನ ಕಡೆಗೆ ಜಾರುತ್ತಿತ್ತು. ಒಂದು ದಿನ ಹಾಸ್ಟೆಲಿನಿಂದ ಬಂದವಳು ಇದನ್ನು ಕಂಡು ಕೂಗಾಡಿದೆ. ‘ನೀವು ನಾಯಿಗೆ ಕಲಿಸ್ತೀರೋ, ನಮ್ಮಮ್ಮನ್ನ ಬೀಳಿಸ್ತೀರೋ?’ ಅವರು ಗಡ್ಡ ಎತ್ತಿ ನನ್ನ ಬೆನ್ನ ಹಿಂದೆ ತೋರಿಸಿದರು. ತಿರುಗಿ ನೋಡಿದೆ. ಅಮ್ಮ ಒಂದೇ ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ಕೈಯಲ್ಲಿ ಸೊಂಟಕ್ಕೆ ಸಿಕ್ಕಿಸಿದ ಕೊಬ್ಬರಿಯನ್ನು ತಡಕುತ್ತಿದ್ದಳು. ತಾನು ನಿಂತಿದ್ದೇನೆ ಎಂಬುದೇ ಅವಳಿಗೆ ನೆನಪಿರಲಿಲ್ಲ. ನಾನು ಚೀಲ ಇಟ್ಟು, ಒಳಗೆ ಹೋಗಿ ಮೂವರಿಗೂ ಚಹಾಕ್ಕಿಟ್ಟೆ.

ದೀಪಾವಳಿಯ ಹೊತ್ತಿಗೆ ದೊರೆ ಕಲಿತಿತ್ತು. ಸೀಟಿಯೂ ಬೇಕಿರಲಿಲ್ಲ, ಏಳುವ ಮೊದಲು ಅಮ್ಮ, ಬಸ್ಸು ನಿಲ್ಲಿಸುವ ಸಾಹೇಬರ ಮಾತನ್ನೇ ಕಲಿತು, ‘ಹೋಲ್ಡಾನ್’ ಅಂದರೆ ಇದ್ದಲ್ಲೇ ಕೂರುತ್ತಿತ್ತು. ಅವಳು ದಾಟಿ ಹೋಗಿ ‘ರೈಟ್’ ಅಂದ ಮೇಲೆ ಏಳುತ್ತಿತ್ತು. ವಾಪಸ್ಸು ಕಳಿಸುವ ಮಾತನ್ನು ನಾನೂ ನುಂಗಿಕೊಂಡೆ.

ಆಮೇಲೆ ಸಾಹೇಬರಿಗೆ ಹೆಮ್ಮೆ ಏರಿತು, ನಮಗೂ ಏರಿತು ಅನ್ನಿ. ಗೇಟಿನ ಮುಂದೆ ಬಸ್ಸು ಬಂದು ಕಂಡಕ್ಟರು ಒಂದು ಸೀಟಿ ಊದಿದರೆ ಅಂಗಳದಲ್ಲಿದ್ದ ದೊರೆ ಕೂರುತ್ತಿತ್ತು. ಎರಡು ಸೀಟಿ ಊದಿ ಬಸ್ಸು ಹೊರಟರೆ ಎದ್ದು ತಿರುಗಾಡುತ್ತಿತ್ತು. ಬಸ್ಸಿಗೆ ಕಾಯುವವರನ್ನು ಕರೆಕರೆದು ಸಾಹೇಬರು ಇದನ್ನು ತೋರಿಸಿದರು. ‘ನೋಡ್ರಿ, ಡಿಪೋದಾಗ ಇಂಥಾ ಡ್ರೈವರ್ ಸಿಗಂಗಿಲ್ಲ’ ಎಂದು ಎದೆ ಉಬ್ಬಿಸಿದರು. ಗೇಟು ತೆರೆದಿದ್ದರೆ ಏನಾದೀತು ಎಂದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಅದೊಂದು ಶುಕ್ರವಾರ. ಸಿಲಿಂಡರ್ ಇಳಿಸಿ ಹೋದವನು ಗೇಟು ಹಾಕಿರಲಿಲ್ಲ. ಎದುರಿನಿಂದ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು, ಅತ್ತರು ಹಚ್ಚಿಕೊಂಡು, ಜುಮ್ಮಾ ನಮಾಜಿಗೆ ಹೊರಟಿದ್ದರು. ನಮ್ಮ ಕಡೆ ಬಸ್ಸು ಬಂದು ನಿಂತಿತು, ಒಂದು ಸೀಟಿ. ದೊರೆ ನಿಯಮದ ಪ್ರಕಾರ ಕೂತಿತು. ಇಬ್ಬರು ಹತ್ತಿಕೊಂಡರು. ಎರಡು ಸೀಟಿ. ರಸ್ತೆಯಾಚೆ ತನ್ನ ಗುರು ಕಂಡರು. ದೊರೆ ಗೇಟು ದಾಟಿ, ಬಸ್ಸಿನ ಮೂತಿಯ ಮುಂದೆಯೇ ಓಡಿತು.

‘ಹೋಲ್ಡಾನ್!’

ಅಡುಗೆಮನೆಯಲ್ಲಿದ್ದ ನನಗೆ ಕೈಯಲ್ಲಿದ್ದ ಪಾತ್ರೆ ಬೀಳುವ ಹಾಗೆ ಕೇಳಿಸಿತು ಸಾಹೇಬರ ಆ ದನಿ. ಬಸ್ಸಿನ ಡ್ರೈವರ್ ಯಾರು ಏನು ಎಂದು ನೋಡದೆ ಬ್ರೇಕ್ ತುಳಿದ. ದೊರೆಯೂ ಕೂತಿತು, ರಸ್ತೆಯ ನಟ್ಟನಡುವೆ. ಬಸ್ಸನ್ನು ಹಿಂದೆ ಹಾಕಲು ಹಾರ್ನ್ ಹಾಕುತ್ತಾ ಒಂದು ಲಾರಿ ಬರುತ್ತಿತ್ತು. ನಾನು ಹೊರಗೆ ಓಡಿ ಬಂದು ಕಂಡದ್ದು: ಸಾಹೇಬರು ಒಂದು ಕೈ ಎತ್ತಿ ಲಾರಿಗೆ ಅಡ್ಡ ನಿಂತಿದ್ದಾರೆ. ಅಮ್ಮ ‘ದೊರೇ, ದೊರೇ’ ಎನ್ನುತ್ತಾ ಜಗಲಿ ಇಳಿದು, ಅಂಗಳ ದಾಟಿ, ಒಬ್ಬಳೇ ವಾಕರ್ ಊರಿಕೊಂಡು ಗೇಟಿನಾಚೆ ಕಾಲಿಡುತ್ತಿದ್ದಾಳೆ. ಸಾಹೇಬರು ಅಲ್ಲಿಂದಲೇ, ‘ಅಮ್ಮಾರೆ, ನೀವೂ ಹೋಲ್ಡಾನ್!’ ಅಂದರು. ಅಮ್ಮನೂ ನಿಂತಳು.

ಲಾರಿ ನಿಂತ ಮೇಲೆ ಸಾಹೇಬರು ಬಗ್ಗಿ ದೊರೆಯನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಎದೆಗೆ ಒತ್ತಿಕೊಂಡರು. ಅದು ನಡುಗುತ್ತಾ ಅವರ ಕುತ್ತಿಗೆಗೆ ಮುಖ ಹುದುಗಿಸಿ, ಗಡ್ಡವನ್ನೆಲ್ಲ ನೆಕ್ಕಿತು. ಬಿಳಿ ಜುಬ್ಬಾದ ತುಂಬ ಕೆಂಪು ಧೂಳಿನ ಕಾಲ್ಗುರುತು. ಅದನ್ನು ತಂದು ನನ್ನ ಕೈಗಿಟ್ಟು, ರಸ್ತೆ ದಾಟಿ ಮನೆಗೆ ಹೋದರು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಮ್ಮ ಗೇಟಿನ ತನಕ ಕೇಳಿಸಿತು. ಅವರು ಬಟ್ಟೆ ಬದಲಿಸಿ ಹೊರಬೀಳುವಾಗ ಮಸೀದಿಯಿಂದ ಜನ ವಾಪಸ್ಸು ಬರುತ್ತಿದ್ದರು.

ಸಂಜೆ ಅಮ್ಮ ಕೈ ಜೋಡಿಸಿದಳು. ‘ನಮ್ಮ ಕುನ್ನಿ ದೆಸೆಯಿಂದ ನಿಮ್ಮ ನಮಾಜು ತಪ್ಪಿಹೋಯ್ತು.’

‘ಮನ್ಯಾಗ ಓದಿದೆ ಅಮ್ಮಾರೆ. ಅದಕ್ಕ ದಾರಿ ಐತಿ. ಇದು ಗಾಲಿ ಅಡಿಗೆ ಹೋಗಿದ್ರ ಏನ್ ದಾರಿ ಇತ್ತು?’ ಅಂದವರು ಜೇಬಿನ ಸೀಟಿ ತೆಗೆದು ಅಂಗೈಯಲ್ಲಿ ತಿರುಗಿಸಿದರು. ಆಮೇಲೆ ಅಂದರು: ‘ತಪ್ಪು ನಂದು. ರಸ್ತೆ ಬಾಜೂ ಮನಿ, ಬಸ್ಸಿನ ಸೀಟಿ ಕಲಿಸೀನಿ. ಜಗತ್ತಿನಾಗ ನಾನೊಬ್ಬನ ಕಂಡಕ್ಟರ್ ಅಂತ ತಿಳಕೊಂಡಿದ್ದೆ.’

ಹೊಸದಾಗಿ ಶುರು ಮಾಡಿದರು. ಈ ಸಲದ ಪಾಠ ಮೊದಲಿನದಕ್ಕಿಂತ ಕಷ್ಟದ್ದು, ಸೀಟಿ ಎಂದರೆ ಏನೂ ಅಲ್ಲ ಎಂದು ದೊರೆ ಕಲಿಯಬೇಕಿತ್ತು. ಸಾಹೇಬರು ಸೀಟಿ ಊದುವರು, ಅದು ಕೂರುವುದು, ಕೊಬ್ಬರಿ ಇಲ್ಲ. ಅಮ್ಮ ವಾಕರನ್ನು ನೆಲಕ್ಕೆ ಟಪ್ ಎಂದು ಒಮ್ಮೆ ಕುಟ್ಟುವಳು. ಅದಕ್ಕೆ ಕೂತರೆ ಕೊಬ್ಬರಿ. ದೊರೆಗೆ ಇದು ಶುದ್ಧ ಅನ್ಯಾಯವಾಗಿ ಕಂಡಿತು. ಸೀಟಿ ಊದಿದ ಕೂಡಲೇ ಅವರೆದುರು ಹೋಗಿ ಕೂತು, ಬಾಕಿ ಕೇಳುವವರ ಹಾಗೆ ದಿಟ್ಟಿಸುತ್ತಿತ್ತು. ಅವರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಚಳಿಗಾಲ ಕಳೆದು ಮಾವಿನ ಮಿಡಿ ಪೇಟೆಗೆ ಬರುವ ತನಕ ಇದೇ ನಡೆಯಿತು. ಆ ಸೀಟಿಯಿಂದಲೇ ಮೂರು ಮಕ್ಕಳನ್ನು ಓದಿಸಿದ ಮನುಷ್ಯ, ಅದರ ಮಾತನ್ನು ಕೇಳಬೇಡ ಎಂದು ಒಂದು ಹಿಡಿಯಷ್ಟು ನಾಯಿಗೆ ದಿನಾ ಹೇಳಿಕೊಡುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಕಡೆಗೂ ದೊರೆ ಸೀಟಿಯನ್ನು ಮರೆಯಿತು. ವಾಕರ್ ಕುಟ್ಟಿದರೆ ಕೂರುತ್ತದೆ, ಅಮ್ಮ ದೂರ ಹೋಗಿ ಮತ್ತೆ ಕುಟ್ಟುವ ತನಕ ಏಳುವುದಿಲ್ಲ. ಅಮ್ಮ ಬೆಳಿಗ್ಗೆ, ಸಂಜೆ ಗೇಟಿನ ತನಕ ಹೋಗಿ, ಬಸ್ಸಿನಿಂದ ಯಾರು ಇಳಿದರು ಎಂದು ನೋಡಿ ಬರುವುದು ರೂಢಿಯಾಯಿತು. ‘ನೀವು ಬಂದದ್ದು ನಾಯಿಗೆ ಕಲಿಸಲಿಕ್ಕೋ, ಅಮ್ಮನಿಗೋ?’ ಎಂದು ಒಮ್ಮೆ ನೇರವಾಗಿ ಕೇಳಿದೆ. ‘ಇಬ್ಬರ ಹಟಾನೂ ಒಂದ ಐತಿ ಬೇಟಿ, ಬ್ಯಾರೆ ಬ್ಯಾರೆ ಯಾಕ ಕಲಿಸೋದು?’ ಎಂದು ನಕ್ಕರು. ದೊರೆಯನ್ನು ಅವರು ಮುಟ್ಟಿದ್ದು ಆ ಶುಕ್ರವಾರ ಒಂದೇ ಸಲ.

ಮರುವರ್ಷ ರಂಜಾನ್ ಉಪವಾಸ ಶುರುವಾಗಲು ಇನ್ನೂ ಕೆಲವು ದಿನ ಇತ್ತು. ಬೆಳಗಿನ ನಮಾಜು ಮುಗಿಸಿ ಬಂದವರು ಎದೆ ಹಿಡಿದುಕೊಂಡು ಕೂತರಂತೆ. ಕಾರಿನಲ್ಲಿ ಹುಬ್ಬಳ್ಳಿಗೆ ಒಯ್ಯುವಾಗ ಕಿರವತ್ತಿ ದಾಟಿದ ಮೇಲೆ ಉಸಿರು ನಿಂತಿತು. ಸಾವಿರ ಸಲ ನಿಂತುಕೊಂಡೇ ಹೋಗಿ ಬಂದ ದಾರಿಯಲ್ಲಿ ಅಂದು ಅವರನ್ನು ಮಲಗಿಸಿಕೊಂಡು ಬಂದರು.

‘ಎಂಗೆ ಅಲ್ಲಿಗೆ ಹೋಗವು’ ಅಂದಳು ಅಮ್ಮ, ತಾನು ಹೋಗಲೇಬೇಕು ಎಂಬ ಹಟದಲ್ಲಿ.

ಆಪರೇಷನ್ ಆದ ಮೇಲೆ ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಅವಳು ಹೋದವಳಲ್ಲ, ಅದೂ ಕಾರಿನಲ್ಲಿ. ರಸ್ತೆ ದಾಟಬೇಕಲ್ಲ, ಪಕ್ಕದ ಮನೆಯವರ ಕಾರು ಕೇಳುತ್ತೇನೆ ಅಂದೆ. ‘ಬ್ಯಾಡ. ಆನು ನಡಕಂಡೇ ಹೋಗ್ತೆ’ ಅಂದಳು. ಗೇಟಿನ ಹತ್ತಿರ ವಾಕರನ್ನು ಒಮ್ಮೆ ಕುಟ್ಟಿದಳು, ದೊರೆ ಕೂತಿತು. ನಮ್ಮನ್ನು ಕಂಡು ಒಂದು ಬಸ್ಸು ನಿಂತುಕೊಂಡಿತು. ನಾನು ಅವಳ ಬೆನ್ನ ಹಿಂದೆ ಕೈ ಚಾಚಿಕೊಂಡು ನಡೆದೆ, ಮುಟ್ಟಲು ಬಿಡಲಿಲ್ಲ. ನಾವು ಆಚೆ ಸೇರಿದ ಮೇಲೆ ಬಸ್ಸು ಎರಡು ಸೀಟಿ ಊದಿ ಹೊರಟುಹೋಯಿತು. ದೊರೆ ಗೇಟಿನೊಳಗೆ ಕೂತೇ ಇತ್ತು.

ನಡುಮನೆಯಲ್ಲಿ ಹೆಂಗಸರು ಕೂತಿದ್ದರು. ಸಾಹೇಬರನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಅವರ ಹೆಂಡತಿ ಎದ್ದು ಬಂದು ಅಮ್ಮನ ಎರಡೂ ಕೈ ಹಿಡಿದರು.

‘ಅಮ್ಮಾ, ಗಾಡಿಯಾಗ ಬಂದ್ರೇನು?’

‘ಇಲ್ಲ, ನಡ್ಕಂಡು ಬಂದೆ.’

ಅಷ್ಟು ಹೊತ್ತು ತಡೆದುಕೊಂಡಿದ್ದ ಆ ಹೆಂಗಸು ಅಮ್ಮನ ಭುಜಕ್ಕೆ ತಲೆ ಇಟ್ಟು ಅತ್ತುಬಿಟ್ಟರು. ‘ಈ ಸಲ ಹಬ್ಬಕ್ಕ ಅಮ್ಮಾರನ್ನ ರಸ್ತೆ ದಾಟಿಸಿ ಕರಕೊಂಡು ಬರ್ತೀನಿ ಅಂತಿದ್ರು ಅಮ್ಮಾ. ನಮ್ಮ ಪಾತ್ರಿ ಅವರಿಗೆ ನಡೆಯಂಗಿಲ್ಲ, ಯಾರೂ ಮುಟ್ಟಬ್ಯಾಡ್ರಿ ಅಂತ ಹೋದ ವಾರ ಪ್ಯಾಟಿಗೆ ಹೋಗಿ ತಾವ ಹೊಸಾದು ತಂದಿಟ್ಟಾರ.’ ಕಿಟಕಿಯ ಮೇಲಿನ ಗೂಡಿನಿಂದ ಒಂದು ಸ್ಟೀಲಿನ ಲೋಟ ತೆಗೆದು ತೋರಿಸಿದರು. ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ.

ಅಮ್ಮ ಕುರ್ಚಿಯಲ್ಲಿ ಕೂತು ಆ ಲೋಟವನ್ನು ಮಡಿಲಲ್ಲಿಟ್ಟುಕೊಂಡಳು. ಸಾವಿನ ಮನೆಯಲ್ಲಿ ಅವಳು ಹನಿ ನೀರು ಮುಟ್ಟುವವಳಲ್ಲ. ನೆಂಟರ ಮನೆಯಾದರೂ ಸರಿ, ತಿರುಗಿ ಬಂದು ತಲೆಗೆ ಮಿಂದ ಮೇಲೆಯೇ ಬಾಯಿಗೆ ಏನಾದರೂ ಹಾಕುವುದು. ನಾನು ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ.

‘ಇದ್ರಲ್ಲೇ ಒಂಚೂರು ನೀರು ಕೊಡಿ’ ಅಂದಳು.

ತಂದುಕೊಟ್ಟರು. ಅಮ್ಮ ಎಂದಿನಂತೆ ಎತ್ತಿ ಕುಡಿಯಲಿಲ್ಲ, ಲೋಟಕ್ಕೆ ತುಟಿ ಹಚ್ಚಿ, ನಿಧಾನವಾಗಿ, ಪೂರ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಒಳಕೋಣೆಯ ಬಾಗಿಲ ಕಡೆ ತಿರುಗಿ, ‘ಸಾಹೇಬ್ರೇ, ನಡ್ಕಂಡೇ ಬಂದಿದ್ದೆ’ ಅಂದಳು.